ನಮ್ಮೂರ ಜನರ ಮೂಲ, ಮಿಶ್ರಣ ಮತ್ತು ಡಿಎನ್‌ಎ: ಪದೇ ಪದೇ ಕೇಳುವ ಪ್ರಶ್ನೆಗಳು

ಆರೋಗ್ಯ ಶಿಬಿರದಲ್ಲಿ ಎಂಜಲು ಮಾದರಿ ಕೊಟ್ಟವರು, ಮನೆಗೆ ಕಿಟ್ ತರಿಸಿಕೊಂಡವರು, ಸಂಶೋಧನೆಗೆಂದು ಹಳ್ಳಿಗೆ ಹೊರಟ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ. ಉದಾಹರಣೆಗಳನ್ನು ಆದಷ್ಟೂ ಕರ್ನಾಟಕದಿಂದಲೇ ತೆಗೆದುಕೊಂಡಿದ್ದೇವೆ. ಉತ್ತರ ಕನ್ನಡದ, ಆಫ್ರಿಕಾ ಮೂಲದ ಸಿದ್ದಿಗಳ ಬಗ್ಗೆ ಸ್ವಲ್ಪ ಹೆಚ್ಚೇ ಬರೆದಿದ್ದೇವೆ. ಅಲ್ಲಿಯ ಮಿಶ್ರಣ ಇತ್ತೀಚಿನದಾದ್ದರಿಂದ ಲೆಕ್ಕ ಸುಲಭವಾಗಿ ಅರ್ಥವಾಗುತ್ತದೆ.

ಡಿಎನ್‌ಎ ವರದಿಯಲ್ಲಿ "ನಿಮ್ಮ ಮೂಲ ಇಷ್ಟು ಪರ್ಸೆಂಟ್" ಅಂತ ಇರುತ್ತದಲ್ಲ, ಅದು ಏನು?

ಅದು ಒಂದು ಹೋಲಿಕೆ. ನಿಮ್ಮ ಜೀನೋಮಿನ, ಅಂದರೆ ಇಡೀ ಡಿಎನ್‌ಎಯ, ಸುಮಾರು 320 ಕೋಟಿ ಅಕ್ಷರಗಳಲ್ಲಿ ಆರೇಳು ಲಕ್ಷ ಜಾಗಗಳನ್ನು ಮಾತ್ರ ಚಿಪ್ ಓದುತ್ತದೆ. ಮನುಷ್ಯರಲ್ಲಿ ವ್ಯತ್ಯಾಸ ಕಾಣಿಸುವ ಜಾಗಗಳೆಂದು ಮೊದಲೇ ಗೊತ್ತಿರುವಂಥವು ಅವು. ಆ ಓದನ್ನು ಕಂಪನಿಯ ಅಥವಾ ಸಂಶೋಧಕರ ಬಳಿ ಈಗಾಗಲೇ ಇರುವ ಮಾದರಿ ಗುಂಪುಗಳ ಜೊತೆ ತಾಳೆ ನೋಡುತ್ತಾರೆ. ಆ ಪಟ್ಟಿಯಲ್ಲಿ ನಿಮ್ಮವರು ಇಲ್ಲದಿದ್ದರೆ, ಇದ್ದವರಲ್ಲಿ ನಿಮಗೆ ಹತ್ತಿರದವರು ಯಾರೋ ಅವರ ಹೆಸರು ಬರುತ್ತದೆ.

ಪಟ್ಟಿ ಎಷ್ಟು ಬಡವಾಗಿದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಜಗತ್ತಿನಾದ್ಯಂತ ಹೋಲಿಕೆಗೆ ಬಳಸುವ 1000 ಜೀನೋಮ್ಸ್ ಸಂಗ್ರಹದಲ್ಲಿ ದಕ್ಷಿಣ ಏಷ್ಯಾದ ಗುಂಪುಗಳು ಐದು: ಹ್ಯೂಸ್ಟನ್ನಿನ ಗುಜರಾತಿಗಳು, ಬ್ರಿಟನ್ನಿನ ತೆಲುಗರು, ಬ್ರಿಟನ್ನಿನ ಶ್ರೀಲಂಕಾ ತಮಿಳರು, ಬಾಂಗ್ಲಾದೇಶದ ಬಂಗಾಳಿಗಳು, ಲಾಹೋರಿನ ಪಂಜಾಬಿಗಳು. ಕನ್ನಡ ಮಾತಾಡುವ ಗುಂಪು ಒಂದೂ ಇಲ್ಲ. ಅಷ್ಟೇ ಅಲ್ಲ, ಐದರಲ್ಲಿ ಒಂದನ್ನೂ ಭಾರತದ ನೆಲದಲ್ಲಿ ಸಂಗ್ರಹಿಸಿದ್ದಲ್ಲ. ಸಿಂಧನೂರಿನ ರೈತರೊಬ್ಬರಿಗೆ "ತೆಲುಗು 61%" ಎಂದು ಬಂದರೆ ಅವರ ಅಜ್ಜ ಆಂಧ್ರದವರು ಎಂದಲ್ಲ. ಪಟ್ಟಿಯಲ್ಲಿದ್ದವರ ಪೈಕಿ ಅವರೇ ಹತ್ತಿರ ಎಂದಷ್ಟೇ.

ಇದಕ್ಕೆ ಭಾರತದಲ್ಲೇ ಏನೂ ಆಗುತ್ತಿಲ್ಲವೇ?

ಆಗಿದೆ. ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ಜೀನೋಮ್ ಇಂಡಿಯಾ ಯೋಜನೆಯಲ್ಲಿ 20 ಸಂಸ್ಥೆಗಳು ಸೇರಿ 10,000 ಜನರ ಪೂರ್ಣ ಜೀನೋಮ್ ಓದುವ ಕೆಲಸ ಕೈಗೆತ್ತಿಕೊಂಡವು. ಸಮನ್ವಯ ಮಾಡಿದ್ದು ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್. ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು. ಅದು ಫರೀದಾಬಾದಿನ ದತ್ತಾಂಶ ಕೇಂದ್ರದಲ್ಲಿದೆ. ಅರ್ಜಿ ಹಾಕಿ, ಒಪ್ಪಿಗೆ ಪಡೆದು ಬಳಸಬೇಕು.

ಹಳ್ಳಿಗಳಲ್ಲಾದರೂ "ಶುದ್ಧ" ಸಮುದಾಯಗಳು ಉಳಿದಿವೆಯೇ?

ಇಲ್ಲ. 2009ರಲ್ಲಿ ಡೇವಿಡ್ ರೈಕ್, ಕೆ. ತಂಗರಾಜ್, ಲಾಲ್‌ಜಿ ಸಿಂಗ್ ಮೊದಲಾದವರು 25 ಸಮುದಾಯಗಳ 132 ಜನರ ಡಿಎನ್‌ಎ ನೋಡಿದರು. ಮುಖ್ಯಭೂಮಿಯ ಬಹುತೇಕ ಗುಂಪುಗಳು ಎರಡು ಪುರಾತನ ಜನಸಮೂಹಗಳ ಮಿಶ್ರಣ ಎಂದು ಕಂಡಿತು. ಉತ್ತರ ಭಾರತೀಯ ಪೂರ್ವಜರು ಎಂದು ಕರೆದ ಮೂಲದ ಪಾಲು ಸುಮಾರು 39%ರಿಂದ 71%ರವರೆಗೆ ಹರಡಿತ್ತು. ಸೊನ್ನೆಯೂ ಇಲ್ಲ, ನೂರೂ ಇಲ್ಲ. 2013ರಲ್ಲಿ 73 ಗುಂಪುಗಳ ಮೇಲೆ ಮಾಡಿದ ಲೆಕ್ಕದ ಪ್ರಕಾರ ಈ ಮಿಶ್ರಣ ನಡೆದದ್ದು ಇಂದಿಗೆ 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ. ಆಮೇಲೆ ಜಾತಿಯೊಳಗೇ ಮದುವೆ ಎಂಬ ಕಟ್ಟು ಬಿಗಿಯಾಯಿತು.

ನಮ್ಮ ಪ್ರಕಾರ ಇಡೀ ವಿಷಯದಲ್ಲಿ ಹೆಚ್ಚು ಮುಖ್ಯವಾದದ್ದು ಈ ಎರಡನೇ ಭಾಗ. ಜನ ಕೇಳುವುದು "ನಾವು ಎಲ್ಲಿಂದ ಬಂದೆವು" ಎಂದು. ಆದರೆ ಡಿಎನ್‌ಎಯಲ್ಲಿ ಇವತ್ತಿನ ಬದುಕಿಗೆ, ಆಸ್ಪತ್ರೆಗೆ, ಹುಟ್ಟುವ ಮಗುವಿಗೆ ತಟ್ಟುವುದು "ಆಮೇಲೆ ಎಷ್ಟು ಕಾಲ ನಮ್ಮೊಳಗೇ ಕೊಟ್ಟು ತಂದೆವು" ಎಂಬುದು.

ಹಾಗಾದರೆ ಆರ್ಯರು ಯಾರು, ದ್ರಾವಿಡರು ಯಾರು?

ಅವು ಭಾಷೆಗಳಿಗೆ ಇಟ್ಟ ಹೆಸರು. ರಕ್ತದಲ್ಲಿ ಆ ಹೆಸರಿನ ಗುರುತು ಸಿಗುವುದಿಲ್ಲ. 2019ರ ದೊಡ್ಡ ಪ್ರಾಚೀನ ಡಿಎನ್‌ಎ ಅಧ್ಯಯನ, ಮೇಲೆ ಹೇಳಿದ ಎರಡು ಸಮೂಹಗಳ ಹಿಂದೆ ಇನ್ನೂ ಹಳೆಯ ಮೂರು ಮೂಲಗಳನ್ನು ಗುರುತಿಸಿತು: ಉಪಖಂಡದ ಪ್ರಾಚೀನ ಬೇಟೆಗಾರ-ಸಂಗ್ರಾಹಕರು, ಇರಾನಿನ ಕಡೆಯ ಪ್ರಾಚೀನ ಜನರಿಗೆ ಹತ್ತಿರದವರು, ಮತ್ತು ಕ್ರಿ.ಪೂ. 2000ದ ನಂತರ ಮಧ್ಯ ಏಷ್ಯಾದ ಹುಲ್ಲುಗಾವಲಿನ ಕಡೆಯಿಂದ ಬಂದವರು. ಅದೇ ವರ್ಷ ಹರಿಯಾಣದಲ್ಲಿರುವ ಸಿಂಧೂ ನಾಗರಿಕತೆಯ ತಾಣ ರಾಖಿಗಢಿಯ ಒಬ್ಬ ಹೆಂಗಸಿನ ಅಸ್ಥಿಯಿಂದ ಸಿಕ್ಕ ಡಿಎನ್‌ಎಯಲ್ಲಿ ಮೂರನೆಯದು ಇರಲಿಲ್ಲ. ಕನ್ನಡ ಮಾತಾಡುವ ಬಹುತೇಕ ಜಾತಿಗಳಲ್ಲಿ ಮೂರೂ ಇವೆ, ಪ್ರಮಾಣ ಬೇರೆ ಬೇರೆ.

ಸಿದ್ದಿಗಳ ಬಗ್ಗೆ ಡಿಎನ್‌ಎ ಏನು ಹೇಳುತ್ತದೆ?

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ, ಶಿರಸಿ ಕಡೆಯ ಕಾಡಂಚಿನ ಊರುಗಳಲ್ಲಿ, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಗಡಿಭಾಗದಲ್ಲಿ ಸಿದ್ದಿಗಳಿದ್ದಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರುಂಟು. ಮನೆಮಾತು ಕೊಂಕಣಿ, ಕನ್ನಡ, ಮರಾಠಿ ಹೀಗೆ ಊರಿಂದೂರಿಗೆ ಬದಲಾಗುತ್ತದೆ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದ ನಂತರ ಆಫ್ರಿಕಾದಿಂದ ಗುಲಾಮರಾಗಿ ತಂದವರ, ಅಲ್ಲಿಂದ ಘಟ್ಟದ ಕಾಡಿಗೆ ತಪ್ಪಿಸಿಕೊಂಡು ಬಂದವರ ಸಂತತಿ ಎಂಬುದು ಇತಿಹಾಸದ ಮಾತು.

2011ರಲ್ಲಿ ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳಿದ್ದ ತಂಡ ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಡಿಎನ್‌ಎಯಲ್ಲಿ ಲಕ್ಷಾಂತರ ಗುರುತುಗಳನ್ನು (ವ್ಯತ್ಯಾಸ ಕಾಣಿಸುವ ಜಾಗಗಳನ್ನು) ನೋಡಿತು. ಆಫ್ರಿಕಾ ಮೂಲದ ಪಾಲು ಸುಮಾರು ಮೂರನೇ ಎರಡು ಭಾಗ. ಉಳಿದದ್ದರಲ್ಲಿ ಹೆಚ್ಚಿನದು ಸುತ್ತಲಿನ ಭಾರತೀಯ ಸಮುದಾಯಗಳದ್ದು. ಯುರೋಪಿನ, ಬಹುಶಃ ಪೋರ್ಚುಗೀಸರ, ಸಣ್ಣ ಪಾಲೂ ಇರಬಹುದು. ತಂದೆಯ ಕಡೆಯ ವೈ ವರ್ಣತಂತು ಮತ್ತು ತಾಯಿಯ ಕಡೆಯ ಮೈಟೊಕಾಂಡ್ರಿಯ ಎರಡೂ ಸಹರಾದ ದಕ್ಷಿಣದ ಬಂಟು ಭಾಷಿಕರತ್ತ ಬೊಟ್ಟು ಮಾಡಿದವು. ಮಿಶ್ರಣ ನಡೆದದ್ದು ಕಳೆದ 8 ತಲೆಮಾರುಗಳ ಒಳಗೆ, ಅಂದರೆ ಸುಮಾರು 200 ವರ್ಷ.

ಜೀನುಗಳ ಹರಿವು ಬಹುಮಟ್ಟಿಗೆ ಒಂದೇ ದಿಕ್ಕಿನದು: ನೆರೆಯವರಿಂದ ಸಿದ್ದಿಗಳೊಳಗೆ. ಇದು ಸಮಾಜದ ಚಿತ್ರವೂ ಹೌದು. ಇಂಥ ಸಂಬಂಧದಲ್ಲಿ ಹುಟ್ಟಿದ ಮಕ್ಕಳು ಸಿದ್ದಿಗಳಾಗಿಯೇ ಬೆಳೆದರು; ಮೇಲಿನ ಜಾತಿಯ ಮನೆ ಅವರನ್ನು ಒಳಗೆ ಕರೆದುಕೊಳ್ಳಲಿಲ್ಲ.

"8 ತಲೆಮಾರು" ಎಂಬ ಲೆಕ್ಕ ಎಲ್ಲಿಂದ ಬಂತು?

ತುಣುಕುಗಳ ಉದ್ದದಿಂದ. ಪ್ರತಿ ತಲೆಮಾರಿನಲ್ಲೂ ತಂದೆಯಿಂದ ಬಂದ ಮತ್ತು ತಾಯಿಯಿಂದ ಬಂದ ವರ್ಣತಂತುಗಳು ಒಂದಿಷ್ಟು ಕಡೆ ಕತ್ತರಿಸಿ ಅದಲುಬದಲಾಗುತ್ತವೆ. ಹಾಗಾಗಿ ಮಿಶ್ರಣ ಹೊಸತಾದರೆ ಒಂದೊಂದು ಮೂಲದ ತುಣುಕು ಉದ್ದ, ಹಳತಾದರೆ ಗಿಡ್ಡ. ಉದ್ದವನ್ನು ಅಳೆಯುವ ಮಾನ ಸೆಂಟಿಮಾರ್ಗನ್.

ಒರಟು ಸೂತ್ರ ಹೀಗಿದೆ: ಒಂದು ಮೂಲದ ತುಣುಕಿನ ಸರಾಸರಿ ಉದ್ದ ಬೇಕಿದ್ದರೆ, ನೂರನ್ನು "ತಲೆಮಾರುಗಳ ಸಂಖ್ಯೆ ಗುಣಿಸು ಇನ್ನೊಂದು ಮೂಲದ ಪಾಲು" ಎಂಬುದರಿಂದ ಭಾಗಿಸಿ. ಸಿದ್ದಿಗಳ ಲೆಕ್ಕ ಹಾಕೋಣ. ತಲೆಮಾರು 8, ಆಫ್ರಿಕಾದ ಪಾಲು ಮೂರನೇ ಎರಡು, ಭಾರತದ್ದು ಮೂರನೇ ಒಂದು ಎಂದಿಟ್ಟುಕೊಳ್ಳಿ. ಆಫ್ರಿಕಾ ಮೂಲದ ತುಣುಕು ಸರಾಸರಿ 37 ಸೆಂಟಿಮಾರ್ಗನ್ನಿನಷ್ಟು, ಭಾರತ ಮೂಲದ್ದು 19ರ ಆಸುಪಾಸು ಬರುತ್ತದೆ. ಅದೇ 100 ತಲೆಮಾರು ಹಿಂದಿನ ಮಿಶ್ರಣವಾದರೆ, ಎರಡೂ ಪಾಲು ಸಮವಿದ್ದಾಗ, ತುಣುಕು 2 ಸೆಂಟಿಮಾರ್ಗನ್. ಅಷ್ಟು ಸಣ್ಣದನ್ನು ಒಬ್ಬ ವ್ಯಕ್ತಿಯಲ್ಲಿ ಬಿಡಿಬಿಡಿಯಾಗಿ ಗುರುತಿಸುವುದು ಕಷ್ಟ. ಗುಂಪಿನ ಸರಾಸರಿಯಿಂದಲೇ ಕಾಲ ಕಟ್ಟಬೇಕಾಗುತ್ತದೆ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಮೊದಲನೆಯದು ವರ್ಷದ ಲೆಕ್ಕ. ತಲೆಮಾರಿಗೆ 25 ವರ್ಷ ಎಂದರೆ 8 ತಲೆಮಾರು 200 ವರ್ಷ; 29 ಎಂದರೆ 232. ಡಿಎನ್‌ಎ ಕೊಡುವುದು ತಲೆಮಾರನ್ನು, ವರ್ಷವನ್ನಲ್ಲ. ಎರಡನೆಯದು ಇನ್ನೂ ಮುಖ್ಯ: ಇದು ಮಿಶ್ರಣದ ಕಾಲ, ಆಗಮನದ ಕಾಲವಲ್ಲ. ಬಂದವರು ನೂರಿನ್ನೂರು ವರ್ಷ ತಮ್ಮೊಳಗೇ ಇದ್ದು ಆಮೇಲೆ ಬೆರೆತಿರಬಹುದು. ಅಥವಾ ಬೆರೆಯುವುದು ತಲೆಮಾರುಗಟ್ಟಲೆ ನಡೆಯುತ್ತಲೇ ಇದ್ದರೆ ಸೂತ್ರ ಒಂದು ನಡುವಿನ, ಸಾಮಾನ್ಯವಾಗಿ ಇತ್ತೀಚಿನ ಕಡೆಗೆ ವಾಲಿದ, ಸಂಖ್ಯೆ ಕೊಡುತ್ತದೆ. "ಸಿದ್ದಿಗಳು ಬಂದದ್ದೇ 200 ವರ್ಷದ ಹಿಂದೆ" ಎಂದು ಬರೆಯುವವರು ಇದನ್ನು ಮರೆತಿರುತ್ತಾರೆ.

ಗುಂಗುರು ಕೂದಲು, ಕಪ್ಪು ಮೈಬಣ್ಣ ಇದ್ದರೆ ಆಫ್ರಿಕಾ ಮೂಲವೇ?

ಅಲ್ಲ. ಮೈಬಣ್ಣ, ಕೂದಲು ಜೀನೋಮಿನ ಸಣ್ಣದೊಂದು ಪಾಲಿನ ಮೇಲೆ ನಿಂತಿವೆ, ಬಿಸಿಲು ಮೈಬಣ್ಣವನ್ನು ಬೇರೆ ಬೇರೆ ಕಡೆ ಒಂದೇ ದಿಕ್ಕಿಗೆ ಒಯ್ದಿದೆ. ಅಂಡಮಾನಿನ ಓಂಗೆಗಳನ್ನು ನೋಡಿ ಆಫ್ರಿಕಾದವರೆಂದು ಊಹಿಸಿದವರಿದ್ದಾರೆ. ಡಿಎನ್‌ಎಯಲ್ಲಿ ಅವರು ಏಷ್ಯಾದವರೇ.

ಸೋಲಿಗ, ಕುರುಬ ಬುಡಕಟ್ಟುಗಳಲ್ಲಿ ಕುಡಗೋಲು ಕಣ ರಕ್ತಹೀನತೆ ಇದೆ. ಅದು ಆಫ್ರಿಕಾದಿಂದ ಬಂದದ್ದಲ್ಲವೇ?

ಸಿಕಲ್ ಸೆಲ್ ಎಂದರೆ ಆಫ್ರಿಕಾ ಎಂಬ ನಂಬಿಕೆ ವೈದ್ಯರಲ್ಲೂ ಉಂಟು. ಭಾರತದಲ್ಲಿ ಇದು ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟುಗಳಲ್ಲಿ. ಇಲ್ಲಿಯ ಸಿಕಲ್ ಜೀನಿನ ಸುತ್ತಲಿನ ಡಿಎನ್‌ಎ ವಿನ್ಯಾಸಕ್ಕೆ ಅರಬ್-ಭಾರತ ಮಾದರಿ ಎಂದು ಹೆಸರು. ಆಫ್ರಿಕಾದಲ್ಲಿ ಹೆಚ್ಚಾಗಿ ಕಾಣುವ ಬಂಟು, ಬೆನಿನ್, ಸೆನೆಗಲ್ ಮಾದರಿಗಳಿಗಿಂತ ಅದು ಬೇರೆ. ಮಲೇರಿಯಾ ಇರುವಲ್ಲಿ ಒಂದು ಪ್ರತಿ ಹೊತ್ತವರಿಗೆ ರಕ್ಷಣೆ ಸಿಗುವುದರಿಂದ ಈ ಜೀನು ಉಳಿದು ಬೆಳೆಯುತ್ತದೆ. ಹಾಗಾಗಿ ಅದೊಂದನ್ನೇ ಹಿಡಿದು ಮೂಲ ಹೇಳಲಾಗದು.

ಕೇಂದ್ರದ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ 2023ರ ಜುಲೈ 1ರಂದು ಶುರುವಾಯಿತು; ಕರ್ನಾಟಕವೂ ಅದರಲ್ಲಿದೆ. ಶಿಬಿರದಲ್ಲಿ ಬೆರಳು ಚುಚ್ಚಿ ಮಾಡುವ ಪರೀಕ್ಷೆಯಲ್ಲಿ "ಪಾಸಿಟಿವ್" ಬಂದರೆ ಹಿಮೋಗ್ಲೋಬಿನ್ನಿನ ವಿಧಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಿಯೇ ಮುಂದಿನ ಮಾತು. ಶಿಬಿರದಲ್ಲಿ ಮಾಡುವ ಕರಗುವಿಕೆ ಪರೀಕ್ಷೆ ಒಂದು ಪ್ರತಿ ಹೊತ್ತ ಆರೋಗ್ಯವಂತರಿಗೂ ಎರಡು ಪ್ರತಿ ಹೊತ್ತ ರೋಗಿಗೂ ವ್ಯತ್ಯಾಸ ತೋರಿಸುವುದಿಲ್ಲ.

ಕೊರಗರಲ್ಲಿ "ನಾಲ್ಕನೇ ಮೂಲ" ಸಿಕ್ಕಿದೆ ಎಂಬ ಸುದ್ದಿ ನಿಜವೇ?

ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರಿದ್ದ ತಂಡವೊಂದು ಕರಾವಳಿಯ ಕೊರಗರ ಜೀನೋಮಿನಲ್ಲಿ ಸುಮಾರು 4,400 ವರ್ಷ ಹಳೆಯ, ಈವರೆಗೆ ಹೆಸರಿಸದ ಮೂಲವೊಂದರ ಪಾಲಿದೆ ಎಂದು ವಾದಿಸಿದೆ. ಇರಾನ್ ಪ್ರಸ್ಥಭೂಮಿ ಮತ್ತು ಸಿಂಧೂ ಕಣಿವೆಯ ನಡುವೆ ಅದು ರೂಪುಗೊಂಡಿತೆಂದೂ, ಆದಿ ದ್ರಾವಿಡ ಭಾಷೆಗೆ ಸಂಬಂಧಿಸಿರಬಹುದೆಂದೂ ಅವರ ಪ್ರಸ್ತಾಪ. ಕುತೂಹಲದ ಕೆಲಸ. ಆದರೆ ಕೊರಗರು ಸಣ್ಣ ಸಮುದಾಯ, ಬಹುಕಾಲ ತಮ್ಮೊಳಗೇ ಮದುವೆಯಾದವರು. ಇಂಥ ಗುಂಪು ಯಾವ ವಿಶ್ಲೇಷಣೆಯಲ್ಲೂ ಪ್ರತ್ಯೇಕ ಬಣ್ಣವಾಗಿ ಎದ್ದು ಕಾಣುತ್ತದೆ. ಕಾರಣ ಮುಂದೆ ವಿಶ್ಲೇಷಣೆಯ ಪ್ರಶ್ನೆಯಲ್ಲಿದೆ. ಆ ಕಾಲದ, ಆ ಪ್ರದೇಶದ ಪ್ರಾಚೀನ ಡಿಎನ್‌ಎ ಸಿಗುವವರೆಗೆ ಇದನ್ನು ಸಾಬೀತಾದ ಇತಿಹಾಸ ಎಂದು ಪಠ್ಯಕ್ಕೆ ಹಾಕುವುದು ಬೇಡ.

ಗೋತ್ರ, ಬೆಡಗು, ಬಳಿ ಇವು ಡಿಎನ್‌ಎಯಲ್ಲಿ ಕಾಣುತ್ತವೆಯೇ?

ಭಾಗಶಃ. ಗೋತ್ರ ಮತ್ತು ಬೆಡಗು ತಂದೆಯಿಂದ ಮಗನಿಗೆ ಹೋಗುತ್ತವೆ. ವೈ ವರ್ಣತಂತು ಹೋಗುವುದೂ ಹಾಗೇ. ತುಳುನಾಡಿನ ಅಳಿಯಸಂತಾನದಲ್ಲಿ ಬಳಿ ತಾಯಿಯಿಂದ ಬರುತ್ತದೆ. 16,569 ಅಕ್ಷರಗಳ ಮೈಟೊಕಾಂಡ್ರಿಯದ ಡಿಎನ್‌ಎ ಕೂಡ ತಾಯಿಯಿಂದಲೇ. ಹಾಗಾಗಿ ಬಂಟರು, ಬಿಲ್ಲವರ ಬಳಿಗಳನ್ನು ಅಧ್ಯಯನ ಮಾಡುವವರು ವೈ ಮಾತ್ರ ನೋಡಿದರೆ ತಪ್ಪು ಬಾಗಿಲು ತಟ್ಟಿದಂತೆ.

ಆದರೆ ಒಂದೇ ಗೋತ್ರದವರೆಲ್ಲ ಒಬ್ಬ ಗಂಡಸಿನ ಸಂತತಿ ಎಂದು ಡಿಎನ್‌ಎ ಸಾಮಾನ್ಯವಾಗಿ ಒಪ್ಪುವುದಿಲ್ಲ. ದತ್ತು, ಮನೆಅಳಿಯತನ, ಬೇರೆ ಕುಲದವರನ್ನು ಸೇರಿಸಿಕೊಂಡದ್ದು ಎಲ್ಲವೂ ನಡುವೆ ಇರುತ್ತವೆ. ಇನ್ನೊಂದು ಮಾತು: ವೈ ನಿಮಗೆ ತೋರಿಸುವುದು ಒಂದೇ ಒಂದು ಎಳೆ. 10 ತಲೆಮಾರು ಹಿಂದಕ್ಕೆ ಹೋದರೆ ಲೆಕ್ಕದಲ್ಲಿ 1,024 ಪೂರ್ವಜರಿದ್ದಾರೆ. ವೈ ಅವರಲ್ಲಿ ಒಬ್ಬರ ಸುದ್ದಿ. ಉಳಿದವರಲ್ಲಿ ಹಲವರ ಡಿಎನ್‌ಎ ತುಣುಕು ನಿಮ್ಮಲ್ಲಿ ಒಂದೂ ಉಳಿದಿರುವುದಿಲ್ಲ.

ಅಣ್ಣನ ವರದಿಗೂ ನನ್ನದಕ್ಕೂ ವ್ಯತ್ಯಾಸ ಬಂದಿದೆ. ಲ್ಯಾಬ್ ತಪ್ಪೇ?

ಬಹುಶಃ ಅಲ್ಲ. ಒಡಹುಟ್ಟಿದವರು ಹಂಚಿಕೊಳ್ಳುವುದು ಸರಾಸರಿ ಅರ್ಧ ಡಿಎನ್‌ಎ. 40%ಕ್ಕಿಂತ ಕೆಳಗೂ, 60%ರವರೆಗೂ ಹೋಗಬಹುದು. ಎರಡು ಕಂಪನಿಗಳ ವರದಿ ಬೇರೆಯಾಗಲು ಹೋಲಿಕೆ ಪಟ್ಟಿ ಬೇರೆ ಎಂಬುದೇ ಮುಖ್ಯ ಕಾರಣ. ಪಟ್ಟಿ ಹಿಗ್ಗಿಸಿದಾಗ ಅದೇ ಕಂಪನಿಯ ಪರ್ಸೆಂಟೂ ರಾತ್ರೋರಾತ್ರಿ ಬದಲಾಗುತ್ತದೆ. 2%, 3% ಎಂದು ಬರುವ ದೂರದೇಶದ ಪಾಲನ್ನು ಲೆಕ್ಕದ ಗದ್ದಲ ಎಂದು ಬಿಟ್ಟುಬಿಡಿ.

ಕಿಟ್‌ನಲ್ಲಿ ನೂರಾರು "ದಾಯಾದಿಗಳು" ಸಿಕ್ಕಿದ್ದಾರೆ. ಎಲ್ಲರೂ ನೆಂಟರೇ?

ತಮ್ಮೊಳಗೇ ಮದುವೆಯಾಗುವ ಸಮುದಾಯದಲ್ಲಿ ಇಬ್ಬರು ಅಪರಿಚಿತರಿಗೂ ಹತ್ತಾರು ಹಳೆಯ ದಾರಿಗಳಿಂದ ಸಣ್ಣ ಸಣ್ಣ ತುಣುಕು ಹೊಂದುತ್ತವೆ. ಒಟ್ಟು ಕೂಡಿಸಿದಾಗ "ಮೂರನೇ ಮಟ್ಟದ ದಾಯಾದಿ" ಎಂದು ತಂತ್ರಾಂಶ ಹೇಳಿಬಿಡುತ್ತದೆ. ಒಟ್ಟು ಉದ್ದ ನೋಡಬೇಡಿ, ಅತಿ ಉದ್ದದ ಒಂದು ತುಣುಕು ನೋಡಿ. ಅದು 20 ಸೆಂಟಿಮಾರ್ಗನ್ ದಾಟಿದರೆ ಮನೆಯ ಹಿರಿಯರನ್ನು ವಿಚಾರಿಸುವುದರಲ್ಲಿ ಅರ್ಥವಿದೆ. 8-10ರ ತುಣುಕುಗಳ ರಾಶಿ ಇದ್ದರೆ ಅದು ಜಾತಿಯ ಗುರುತು, ನೆಂಟಸ್ತನದ್ದಲ್ಲ.

ಹಳ್ಳಿಯಲ್ಲಿ ಮಾದರಿ ಸಂಗ್ರಹ ಹೇಗೆ? ಎಲ್ಲಿ ಕೆಡುತ್ತದೆ?

ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಊರಿಗೆ ಕಾಲಿಡುವಂತಿಲ್ಲ. ಐಸಿಎಂಆರ್ 2017ರ ಮಾರ್ಗಸೂಚಿ ಇದಕ್ಕೆ ಆಧಾರ. ಒಪ್ಪಿಗೆ ಪತ್ರ ಆಡುವ ಭಾಷೆಯಲ್ಲಿ ಇರಬೇಕು. ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಬೇಕು. ಹಾಡಿ ಅಥವಾ ಕೇರಿಯ ಹಿರಿಯರ ಒಪ್ಪಿಗೆ ಬೇಕು. ಆದರೆ ಯಜಮಾನರು ಹೂಂ ಅಂದದ್ದು ವ್ಯಕ್ತಿಯ ಒಪ್ಪಿಗೆಯಾಗುವುದಿಲ್ಲ. ಮಾದರಿ ವಿದೇಶಕ್ಕೆ ಹೋಗುವುದಿದ್ದರೆ ಅದಕ್ಕೆ ಬೇರೆಯೇ ಸರ್ಕಾರಿ ಅನುಮತಿ ಬೇಕು.

ಅರ್ಜಿಯಲ್ಲಿ ನಾಲ್ವರು ಅಜ್ಜ-ಅಜ್ಜಿಯರ ಹುಟ್ಟೂರು ಮತ್ತು ಮನೆಮಾತನ್ನು ಒಬ್ಬೊಬ್ಬರದಾಗಿ ಬರೆಸಿ. "ಎಲ್ಲರೂ ಇಲ್ಲಿಯವರೇ" ಎಂಬ ಒಟ್ಟು ಉತ್ತರ ನಂಬಬೇಡಿ. ಕೆದಕಿದರೆ ಅಮ್ಮನ ಅಮ್ಮ ಇನ್ನೊಂದು ಜಿಲ್ಲೆಯವರಾಗಿರುತ್ತಾರೆ. ಮೂರು ತಲೆಮಾರಿನಲ್ಲಿ ಪರಸ್ಪರ ಸಂಬಂಧವಿಲ್ಲದವರನ್ನು ಆರಿಸುವುದು ಪದ್ಧತಿ.

ಎಂಜಲಾದರೆ 2 ಮಿಲಿಲೀಟರ್ ಬೇಕು, ನೊರೆ ಲೆಕ್ಕಕ್ಕಿಲ್ಲ. ನಮ್ಮ ಕಡೆಯ ದೊಡ್ಡ ತೊಡಕು ಎಲೆಯಡಿಕೆ, ಗುಟ್ಕಾ. ಸುಣ್ಣ, ಅಡಿಕೆಚೂರು ಸೇರಿದ ಕೆಂಪು ಎಂಜಲಿನಿಂದ ಬರುವ ಡಿಎನ್‌ಎ ಕೊಳಕಾಗಿರುತ್ತದೆ, ಮುಂದಿನ ರಾಸಾಯನಿಕ ಕ್ರಿಯೆ ಕೈಕೊಡುತ್ತದೆ. ಎರಡು ಮೂರು ಸಲ ನೀರಲ್ಲಿ ಬಾಯಿ ಮುಕ್ಕಳಿಸಲು ಹೇಳಿ, ಏನೂ ತಿನ್ನದೆ ಕುಡಿಯದೆ 30 ನಿಮಿಷ ಕೂರಿಸಿ, ಆಮೇಲೆ ತೆಗೆದುಕೊಳ್ಳಿ. ಆ ಅರ್ಧ ಗಂಟೆಯಲ್ಲೇ ವಂಶವೃಕ್ಷ ಬರೆಸಿಕೊಳ್ಳಬಹುದು. ಎಂಜಲಿನಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎಯೂ ಇರುವುದರಿಂದ ಅಳತೆ ಯಂತ್ರ ತೋರಿಸಿದಷ್ಟೂ ಮನುಷ್ಯನದಲ್ಲ. ಆದ್ದರಿಂದ ಅಗತ್ಯಕ್ಕಿಂತ ಹೆಚ್ಚೇ ಇಟ್ಟುಕೊಳ್ಳಿ.

ರಕ್ತವಾದರೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ 3-5 ಮಿಲಿಲೀಟರ್. ತುಂಬಿದ ಕೂಡಲೇ 8-10 ಸಲ ಮೆಲ್ಲಗೆ ತಲೆಕೆಳಗು ಮಾಡಿ; ಕುಲುಕಬೇಡಿ, ಮರೆತರೆ ಹೆಪ್ಪುಗಟ್ಟುತ್ತದೆ. ಹಸಿರು ಮುಚ್ಚಳದ್ದು ಹೆಪಾರಿನ್ ಟ್ಯೂಬು, ಅದು ಬೇಡ. ಹೆಪಾರಿನ್, ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಕ್ರಿಯೆಯನ್ನು ತಡೆಯುತ್ತದೆ. ಐಸ್ ಪೆಟ್ಟಿಗೆಯಲ್ಲಿ 4 ಡಿಗ್ರಿಯ ಆಸುಪಾಸು ಇಟ್ಟು ಸಾಗಿಸಿ, ಟ್ಯೂಬು ಮಂಜುಗಡ್ಡೆಗೆ ನೇರ ತಾಗದಿರಲಿ.

ಕರೆಂಟೇ ಇಲ್ಲದ ಕಡೆ, ರಕ್ತ ಹೀರಿ ಡಿಎನ್‌ಎ ಕಾಪಾಡುವ ಎಫ್‌ಟಿಎ ಕಾರ್ಡಿನ ಮೇಲೆ ರಕ್ತದ ಹನಿ ಅನುಕೂಲ. ಆದರೆ ಮಲೆನಾಡಿನ ಆಷಾಢದಲ್ಲಿ ಕಾರ್ಡು ಒಣಗುವುದೇ ಇಲ್ಲ. ಒದ್ದೆ ಕಾರ್ಡನ್ನು ಲಕೋಟೆಗೆ ಹಾಕಿದರೆ ಬೂಸ್ಟು ಹಿಡಿದು ಹೋಗುತ್ತದೆ. ಕನಿಷ್ಠ 3 ಗಂಟೆ, ಮಳೆಗಾಲದಲ್ಲಿ ಇಡೀ ರಾತ್ರಿ, ನೆರಳಲ್ಲಿ ಒಣಗಿಸಿ, ಸಿಲಿಕಾ ಪುಡಿಕೆ ಹಾಕಿ ಮುಚ್ಚಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವ ಉಪಾಯ ಬೇಡ.

ಲೇಬಲ್ಲನ್ನು ಪೆನ್ಸಿಲಿನಲ್ಲಿ ಬರೆಯಿರಿ ಅಥವಾ ಬಾರ್‌ಕೋಡ್ ಅಂಟಿಸಿ. ಸ್ಪಿರಿಟ್ ತಾಗಿದರೆ ಪೆನ್ನಿನ ಶಾಯಿ ಅಳಿಸಿಹೋಗುತ್ತದೆ. ಕೆಟ್ಟ ಮಾದರಿ ಲ್ಯಾಬಿನಲ್ಲಿ ಗೊತ್ತಾಗುತ್ತದೆ, ಅದಲುಬದಲಾದ ಲೇಬಲ್ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಒಂದು ಸಮುದಾಯಕ್ಕೆ ಎಷ್ಟು ಜನ ಸಾಕು?

ಸರಾಸರಿ ಮೂಲ ತಿಳಿಯಲು 20-30 ಜನ ಸಾಕು. ಪ್ರತಿಯೊಬ್ಬರಲ್ಲೂ ಲಕ್ಷಗಟ್ಟಲೆ ಗುರುತುಗಳಿವೆಯಲ್ಲ. ಅಪರೂಪದ ರೋಗಕಾರಕ ರೂಪಾಂತರ ಹುಡುಕಲು ಸಾಲದು. ಒಂದು ರೂಪಾಂತರ ನೂರರಲ್ಲಿ ಒಂದು ವರ್ಣತಂತುವಿನಲ್ಲಿದೆ ಎನ್ನಿ. 30 ಜನರಲ್ಲಿ 60 ಪ್ರತಿ. ಒಂದೂ ಕಾಣದಿರುವ ಸಾಧ್ಯತೆ 0.99ರ 60ನೇ ಘಾತ, ಅಂದರೆ ಸುಮಾರು 55%. ಕಂಡೇ ಕಾಣುತ್ತದೆ ಎಂದು 95% ಭರವಸೆ ಬೇಕಾದರೆ 150 ಜನ ಬೇಕು.

ವಿಶ್ಲೇಷಣೆಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಯಾವುವು?

ಮೊದಲು ದತ್ತಾಂಶವನ್ನು ಪ್ಲಿಂಕ್ ಎಂಬ ತಂತ್ರಾಂಶದಲ್ಲಿ ಸ್ವಚ್ಛಮಾಡಿ: 5%ಕ್ಕಿಂತ ಹೆಚ್ಚು ಜನರಲ್ಲಿ ಓದಲಾಗದ ಗುರುತುಗಳನ್ನೂ, 5%ಕ್ಕಿಂತ ಹೆಚ್ಚು ಗುರುತು ಬಿಟ್ಟುಹೋದ ವ್ಯಕ್ತಿಗಳನ್ನೂ ತೆಗೆಯಿರಿ. ಬೇರೆ ದತ್ತಾಂಶದ ಜೊತೆ ಸೇರಿಸುವಾಗ ಎರಡೂ ಒಂದೇ ಆವೃತ್ತಿಯ ಜೀನೋಮ್ ನಕ್ಷೆಯಲ್ಲಿವೆಯೇ, 37ರದೋ 38ರದೋ, ನೋಡಿ. ಎ-ಟಿ ಮತ್ತು ಸಿ-ಜಿ ಜೋಡಿಯ ಗುರುತುಗಳನ್ನು ಬಿಟ್ಟುಬಿಡಿ. ಯಾವ ಎಳೆಯ ಮೇಲೆ ಓದಿದ್ದು ಎಂಬುದು ಅವುಗಳಲ್ಲಿ ಗೊತ್ತಾಗುವುದಿಲ್ಲ. ಇದನ್ನು ಮರೆತರೆ ನಿಮ್ಮ ಇಡೀ ಊರು ಪ್ರಪಂಚದ ಯಾರಿಗೂ ಸೇರದ ಹೊಸ ಜನಾಂಗದಂತೆ ಕಾಣಿಸುತ್ತದೆ.

ನೆಂಟರನ್ನು ತೆಗೆಯುವಾಗ ಎಚ್ಚರ. ಕಿಂಗ್ ತಂತ್ರಾಂಶ ಕೊಡುವ ನೆಂಟಸ್ತನದ ಅಂಕ 0.0884ಕ್ಕಿಂತ ಮೇಲೆ ಬಂದರೆ ಎರಡನೇ ದರ್ಜೆಯ ಅಥವಾ ಹತ್ತಿರದ ಸಂಬಂಧ. ಜೋಡಿಯಲ್ಲಿ ಒಬ್ಬರನ್ನು ಬಿಡಿ. 0.0442ರವರೆಗೂ ಇಳಿಸಿದರೆ ಸೋದರಿಕೆ ನಡೆಯುವ ಊರಲ್ಲಿ ಅರ್ಧ ಮಾದರಿ ಖಾಲಿಯಾದೀತು. ಹಾರ್ಡಿ-ವೈನ್‌ಬರ್ಗ್ ಜರಡಿಯನ್ನೂ (ಒಳಸಂಬಂಧವಿಲ್ಲದ ಮದುವೆಗಳಲ್ಲಿ ನಿರೀಕ್ಷಿಸುವ ಪ್ರಮಾಣಕ್ಕೆ ಹೊಂದದ ಗುರುತುಗಳನ್ನು ತೆಗೆಯುವ ಪರೀಕ್ಷೆ) ಬಿಗಿ ಮಾಡಬೇಡಿ. ಒಳಸಂಬಂಧದಿಂದ ಸಹಜವಾಗಿಯೇ ಸಮತೋಲ ತಪ್ಪಿರುತ್ತದೆ.

ನಂತರ ಅಕ್ಕಪಕ್ಕದ ಗುರುತುಗಳನ್ನು ತೆಳುಮಾಡಿ (ಕಿಟಕಿ 50, ಹೆಜ್ಜೆ 10, ಮಿತಿ 0.1 ಸಾಮಾನ್ಯ), ಪ್ರತಿಯೊಬ್ಬರ ಮೂಲವನ್ನು ಗುಂಪುಗಳ ಪಾಲಾಗಿ ಒಡೆದು ತೋರಿಸುವ ಅಡ್‌ಮಿಕ್ಸ್‌ಚರ್ ತಂತ್ರಾಂಶ ಓಡಿಸಿ. ಗುಂಪುಗಳ ಸಂಖ್ಯೆಯನ್ನು 2ರಿಂದ 10ರವರೆಗೆ, ಪ್ರತಿಯೊಂದನ್ನೂ ಬೇರೆ ಬೇರೆ ಆರಂಭದಿಂದ ಹಲವು ಸಲ ಓಡಿಸಬೇಕು. ಬರುವ ಬಣ್ಣದ ಪಟ್ಟಿ ನೋಡಲು ಚಂದ, ಮೋಸವೂ ಅಲ್ಲೇ. ಸಣ್ಣ ಗುಂಪೊಂದು ತಲೆಮಾರುಗಟ್ಟಲೆ ಒಳಗೊಳಗೇ ಮದುವೆಯಾದಾಗ ಕೆಲವು ರೂಪಾಂತರಗಳು ಅಕಸ್ಮಾತ್ತಾಗಿ ಹೆಚ್ಚುತ್ತವೆ, ಕೆಲವು ಮಾಯವಾಗುತ್ತವೆ. ತಂತ್ರಾಂಶಕ್ಕೆ ಅದು ಪ್ರತ್ಯೇಕ ಮೂಲದಂತೆ ತೋರುತ್ತದೆ, ಆ ಸಮುದಾಯಕ್ಕೆ 100% ಒಂದೇ ಬಣ್ಣ ಕೊಟ್ಟುಬಿಡುತ್ತದೆ. ಒಂದೇ ಊರಿನಿಂದ 200, ಉಳಿದೆಡೆಯಿಂದ 15-15 ಮಾದರಿ ತಂದರೂ ಇದೇ ಕಥೆ. ಪತ್ರಿಕೆಗಳಲ್ಲಿ "ಅತ್ಯಂತ ಶುದ್ಧ ಜನಾಂಗ" ಎಂಬ ತಲೆಬರಹ ಹುಟ್ಟುವುದು ಬಹುತೇಕ ಈ ಬಣ್ಣದಿಂದ. ಮಿಶ್ರಣ ನಡೆದಿದೆಯೇ ಎಂಬ ಪ್ರಶ್ನೆಗೆ ಎಫ್3, ಕ್ಯೂಪಿಅಡ್ಮ್‌ನಂಥ ಪರೀಕ್ಷೆ ಮಾಡಿ. ಬಣ್ಣದ ಪಟ್ಟಿ ಪ್ರಶ್ನೆ ಕೇಳಲಿಕ್ಕೆ, ಉತ್ತರಕ್ಕಲ್ಲ.

ಅಕ್ಕನ ಮಗಳನ್ನು, ಸೋದರತ್ತೆ ಮಗನನ್ನು ಮದುವೆಯಾದರೆ ಅಪಾಯ ಎಷ್ಟು?

ಸೋದರಮಾವ-ಸೊಸೆ ಮದುವೆಯ ಮಗುವಿನಲ್ಲಿ ಯಾವುದೇ ಜೀನಿನ ಎರಡೂ ಪ್ರತಿ ಒಂದೇ ಪೂರ್ವಜರಿಂದ ಬಂದಿರುವ ಸಾಧ್ಯತೆ 8ರಲ್ಲಿ 1. ಅತ್ತೆ-ಮಾವನ ಮಕ್ಕಳ ನಡುವೆಯಾದರೆ 16ರಲ್ಲಿ 1. ಯಾವುದೇ ದಂಪತಿಗೆ ಹುಟ್ಟುದೋಷವಿರುವ ಮಗುವಾಗುವ ಸಾಧ್ಯತೆ 2-3% ಇದ್ದೇ ಇದೆ. ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಸುಮಾರು 2% ಹೆಚ್ಚಾಗುತ್ತದೆ. ಬಹುತೇಕ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೆ ಮನೆಯಲ್ಲಿ ಈಗಾಗಲೇ ಹುಟ್ಟು ಕಿವುಡು, ಬುದ್ಧಿಮಾಂದ್ಯ, ಕಾರಣ ತಿಳಿಯದೆ ತೀರಿಕೊಂಡ ಶಿಶು ಇದ್ದರೆ ಈ ಸರಾಸರಿ ನಿಮಗೆ ಅನ್ವಯಿಸುವುದಿಲ್ಲ. ಮದುವೆಗೆ ಮೊದಲೇ ಆನುವಂಶಿಕ ಸಲಹೆಗಾರರನ್ನು ಕಾಣಿ.

ಇನ್ನು "ನಾವು ಸಂಬಂಧದಲ್ಲಿ ಆಗಿಲ್ಲ, ಹೊರಗಿನವರು" ಎಂದು ನಿಶ್ಚಿಂತರಾಗುವವರಿಗೆ: ಜಾತಿಯೇ ನೂರು ತಲೆಮಾರಿನಿಂದ ಮುಚ್ಚಿದ್ದರೆ ಹೊರಗಿನವರೂ ಒಳಗಿನವರೇ. 2017ರ ಅಧ್ಯಯನವೊಂದು ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿ, ಅವುಗಳಲ್ಲಿ 81ರಲ್ಲಿ ಸಂಸ್ಥಾಪಕ ಪರಿಣಾಮ (ಕೆಲವೇ ಪೂರ್ವಜರಿಂದ ಇಡೀ ಗುಂಪು ಬೆಳೆದದ್ದರ ಗುರುತು) ಫಿನ್‌ಲೆಂಡಿನವರು ಮತ್ತು ಅಶ್ಕೆನಾಜಿ ಯಹೂದಿಗಳಿಗಿಂತ ಬಲವಾಗಿದೆ ಎಂದಿತು. ಆ 81ರಲ್ಲಿ 14 ಗುಂಪುಗಳ ಜನಸಂಖ್ಯೆ ತಲಾ ಹತ್ತು ಲಕ್ಷಕ್ಕಿಂತ ಹೆಚ್ಚು.

ಆರ್ಯವೈಶ್ಯರು ಆಪರೇಷನ್‌ಗೆ ಮೊದಲು ಏನೋ ಹೇಳಬೇಕಂತೆ?

ಹೌದು, ಹೇಳಿ. ಸಕ್ಸಿನೈಲ್‌ಕೋಲೀನ್ ಎಂಬ ಸ್ನಾಯು ಸಡಿಲಿಸುವ ಮದ್ದನ್ನು ಕರಗಿಸುವ ಕಿಣ್ವ ಈ ಸಮುದಾಯದ ಕೆಲವರಲ್ಲಿ ಇರುವುದಿಲ್ಲ. ಬೇರೆಯವರಿಗಿಂತ ಇಲ್ಲಿ ಬಹಳ ಹೆಚ್ಚು. ಸಾಮಾನ್ಯರಲ್ಲಿ 5-10 ನಿಮಿಷದಲ್ಲಿ ಇಳಿಯುವ ಮದ್ದು ಇವರಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ, ಅಷ್ಟೂ ಹೊತ್ತು ಉಸಿರು ಯಂತ್ರದಿಂದಲೇ. ಅರಿವಳಿಕೆ ತಜ್ಞರಿಗೆ ಸಮುದಾಯದ ಹೆಸರು ಹೇಳಿ. ಮನೆಯಲ್ಲಿ ಯಾರಾದರೂ ಆಪರೇಷನ್ ನಂತರ ತಡವಾಗಿ ಎಚ್ಚೆತ್ತಿದ್ದರೆ ಅದನ್ನೂ ಹೇಳಿ. ರಕ್ತದಲ್ಲಿ ಸ್ಯೂಡೋಕೋಲಿನೆಸ್ಟರೇಸ್ ಮಟ್ಟ ಅಳೆಯುವ ಸರಳ ಪರೀಕ್ಷೆಯಿದೆ, ಬದಲಿ ಮದ್ದೂ ಇದೆ.

ಸಾಗರದ ಹಂದಿಗೋಡು ಕಾಯಿಲೆಯೂ ಒಳಸಂಬಂಧದಿಂದಲೇ?

ಅಲ್ಲ. ಕೀಲು-ಮೂಳೆಗಳನ್ನು ಬಾಧಿಸುವ ಈ ಕಾಯಿಲೆ 1970ರ ದಶಕದಲ್ಲಿ ಬೆಳಕಿಗೆ ಬಂದಾಗ ಗದ್ದೆಯ ಏಡಿ, ಕೀಟನಾಶಕ ಎಂದೆಲ್ಲ ಮಾತಾಯಿತು. ವಂಶವೃಕ್ಷಗಳನ್ನು ನೋಡಿದಾಗ ಅದು ಪ್ರಬಲ ಆನುವಂಶಿಕ ಕಾಯಿಲೆಯ ಹಾದಿ ಹಿಡಿದಿರುವುದು ಕಂಡಿತು: ತಂದೆ ಅಥವಾ ತಾಯಿ ಒಬ್ಬರಿಂದ ಒಂದು ಪ್ರತಿ ಬಂದರೂ ಸಾಕು, ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆ. ಹೊರಗಿನಿಂದ ಹೆಣ್ಣು ತಂದರೂ ಈ ಲೆಕ್ಕ ಬದಲಾಗದು. ಆ ಕುಟುಂಬಗಳ ಮದುವೆ ಪದ್ಧತಿಯನ್ನು ದೂರುವುದು ಅನ್ಯಾಯ.

ಡಿಎನ್‌ಎ ವರದಿ ತೋರಿಸಿ ಜಾತಿ ಪ್ರಮಾಣಪತ್ರ ಪಡೆಯಬಹುದೇ?

ಆಗುವುದಿಲ್ಲ. ಪರಿಶಿಷ್ಟ ಪಂಗಡದ ಪಟ್ಟಿ ಸಂವಿಧಾನದ 342ನೇ ವಿಧಿಯಡಿ ಆಗುವಂಥದ್ದು. ಸಿದ್ದಿಗಳಿಗೆ 2003ರಲ್ಲಿ ಉತ್ತರ ಕನ್ನಡ ಜಿಲ್ಲೆಗೆ ಸೀಮಿತವಾಗಿ ಮಾನ್ಯತೆ ಸಿಕ್ಕಿತು. ಧಾರವಾಡ, ಬೆಳಗಾವಿಯ ಸಿದ್ದಿಗಳು ಅದೇ ರಕ್ತದವರಾದರೂ 2020ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ತಹಶೀಲ್ದಾರರು ಕೇಳುವುದು ಶಾಲೆಯ ದಾಖಲೆ, ತಂದೆಯ ಪ್ರಮಾಣಪತ್ರ, ಸ್ಥಳ ಪರಿಶೀಲನೆ.

ಕೊಟ್ಟ ಡಿಎನ್‌ಎ ಎಲ್ಲಿಗೆ ಹೋಗುತ್ತದೆ? ನಾವು ಏನು ಕೇಳಬೇಕು?

ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಡಿಎನ್‌ಎ ಬದಲಿಸಲಾಗದು; ಅಣ್ಣತಮ್ಮಂದಿರದೂ ಅದರ ಜೊತೆ ಸೋರಿರುತ್ತದೆ. ಅಮೆರಿಕದ 23ಆ್ಯಂಡ್‌ಮಿ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಕಳ್ಳರ ಪಾಲಾಯಿತು. 2025ರ ಮಾರ್ಚಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿದಾಗ ಗ್ರಾಹಕರ ಡಿಎನ್‌ಎ ಮಾಹಿತಿಯೂ ಮಾರಾಟದ ಸೊತ್ತಾಯಿತು. ನಮ್ಮಲ್ಲಿ ವೈಯಕ್ತಿಕ ದತ್ತಾಂಶ ಕಾಯ್ದೆ 2023ರದ್ದು ಇದೆ. ಜೀನು ಆಧರಿಸಿದ ತಾರತಮ್ಯಕ್ಕೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಆನುವಂಶಿಕ ಕಾಯಿಲೆ ಎಂಬ ಕಾರಣಕ್ಕೇ ವಿಮೆ ಸೌಲಭ್ಯ ನಿರಾಕರಿಸುವುದರ ವಿರುದ್ಧ ದೆಹಲಿ ಹೈಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ.

ಊರಿಗೆ ಸಂಶೋಧಕರು ಬಂದರೆ ಸಹಿ ಹಾಕುವ ಮುಂಚೆ ಇವನ್ನು ಕೇಳಿ: ನೈತಿಕ ಸಮಿತಿಯ ಪತ್ರದ ಪ್ರತಿ ಎಲ್ಲಿ? ಉಳಿದ ಮಾದರಿಯನ್ನು ಬೇರೆ ಕೆಲಸಕ್ಕೆ ಬಳಸುತ್ತೀರಾ? ನನ್ನ ಹೆಸರು ಮತ್ತು ಮಾದರಿಯ ನಂಬರನ್ನು ಜೋಡಿಸುವ ಪಟ್ಟಿ ಯಾರ ಹತ್ತಿರ ಇರುತ್ತದೆ? ಬೇಡವೆಂದರೆ ವಾಪಸ್ ಪಡೆಯಲು ಯಾರಿಗೆ, ಯಾವ ನಂಬರಿಗೆ ಫೋನ್ ಮಾಡಬೇಕು? ಚಿಕಿತ್ಸೆಯಿರುವ ಕಾಯಿಲೆಯ ಗುರುತು ಸಿಕ್ಕರೆ ತಿಳಿಸುತ್ತೀರಾ? ಕೊನೆಯ ಪ್ರಶ್ನೆಗೆ ಉತ್ತರ ಬಾಯಿಮಾತಿನಲ್ಲಿ ಬೇಡ, ಒಪ್ಪಿಗೆ ಪತ್ರದಲ್ಲೇ ಬರೆಸಿಕೊಂಡು ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ.